ಟ್ರೈಲರ್ ಸಾಲದು, ದಿನಗಳು ಬೇಕು

ಪ್ರತಿವರ್ಷ ಏಪ್ರಿಲ್ ಹೊತ್ತಿಗೆ ಅಮೆರಿಕದ ಲಾಸ್ ವೇಗಾಸ್‌ನ ಸೀಸರ್ಸ್ ಪ್ಯಾಲೆಸ್ ಹೋಟೆಲಿನಲ್ಲಿ ಒಂದು ವಿಚಿತ್ರ ಸಂತೆ ನೆರೆಯುತ್ತದೆ. ಸಿನಿಮಾಕಾನ್ ಎಂಬ ಈ ಸಂತೆಯಲ್ಲಿ ಮಾರುವವರು ಹಾಲಿವುಡ್ ಸ್ಟುಡಿಯೊಗಳು, ಕೊಳ್ಳುವವರು ಚಿತ್ರಮಂದಿರಗಳ ಮಾಲೀಕರು. ಸರಕು ಮಾತ್ರ ಎಷ್ಟೋ ಸಲ ಇನ್ನೂ ಸಂಕಲನದ ಮೇಜಿನ ಮೇಲೇ ಇರುತ್ತದೆ. ತಾರೆಯರು ವೇದಿಕೆಗೆ ಬಂದು ಕೈಬೀಸುತ್ತಾರೆ, ನಾಲ್ಕು ನಿಮಿಷದ ತುಣುಕು ಓಡುತ್ತದೆ, ಚಪ್ಪಾಳೆ ಬೀಳುತ್ತದೆ. ಸೂಪರ್‌ಹೀರೋ ಚಿತ್ರಕ್ಕೆ ಇಷ್ಟಾದರೆ ಧಾರಾಳವಾಯಿತು. ಆದರೆ ಆಸ್ಕರ್ ಮೇಲೆ ಕಣ್ಣಿಟ್ಟು ತಯಾರಾಗುವ ಗಂಭೀರ ಚಿತ್ರಗಳನ್ನು, ಅಲ್ಲಿನವರ ಬಾಯಲ್ಲಿ ಪ್ರೆಸ್ಟೀಜ್ ಚಿತ್ರಗಳನ್ನು, ಹೀಗೆ ಮಾರಲಾಗದು. ಅವು ಬದುಕುವುದು ಬಾಯಿಂದ ಬಾಯಿಗೆ ಹಬ್ಬುವ ಮಾತಿನಿಂದ, ಆ ಮಾತು ಹಬ್ಬಲು ವಾರಗಳೇ ಬೇಕು. ಚಿತ್ರವನ್ನು ಎಷ್ಟು ದಿನ ಥಿಯೇಟರಿಗೇ ಮೀಸಲಿಡುತ್ತೇವೆಂದು ಸ್ಟುಡಿಯೊ ಬಾಯಿಬಿಡದಿದ್ದರೆ ವೇದಿಕೆಯ ಮಿಕ್ಕ ಅಬ್ಬರವೆಲ್ಲ ಜಾತ್ರೆಯ ಬಣ್ಣದ ಕಾಗದ.

ಮುಂಬರುವ ಚಿತ್ರಗಳ ಆಸೆ ತೋರಿಸಿ ವ್ಯಾಪಾರ ಕುದುರಿಸುವುದು ಇಂದಿನದಲ್ಲ. 1930ರ ದಶಕದಲ್ಲಿ ಸ್ಟುಡಿಯೊಗಳು ವರ್ಷದ ಚಿತ್ರಗಳನ್ನೆಲ್ಲ ಸಾರುವ ಬಣ್ಣದ ಪುಸ್ತಕಗಳನ್ನು ಅಚ್ಚುಹಾಕಿಸಿ ಪ್ರದರ್ಶಕರಿಗೆ ಹಂಚುತ್ತಿದ್ದವು. ಅವುಗಳಲ್ಲಿ ಕೆಲವು ಚಿತ್ರಗಳು ತಯಾರಾಗಲೇ ಇಲ್ಲ. ಪ್ರತಿಷ್ಠೆಯ ಒಂದು ಚಿತ್ರ ಬೇಕೆಂದರೆ ಸಾಧಾರಣ ಚಿತ್ರಗಳ ಕಂತೆಯನ್ನೂ ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಕಿತ್ತು. ಈ ಬ್ಲಾಕ್ ಬುಕಿಂಗ್ ಪದ್ಧತಿಗೆ 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಪ್ಯಾರಾಮೌಂಟ್ ತೀರ್ಪು ಕಡಿವಾಣ ಹಾಕಿತು. ಅಂದು ಗಾಳಕ್ಕೆ ಸಿಕ್ಕಿಸುವ ಎರೆಯಾಗಿದ್ದ ಪ್ರತಿಷ್ಠೆಯ ಚಿತ್ರ, ಇಂದು ಸೂಪರ್‌ಹೀರೋಗಳ ಮೆರವಣಿಗೆಯ ಹಿಂದೆ ನಡೆಯುವ ಬಡ ನೆಂಟ.

ಥಿಯೇಟರ್ ಮಾಲೀಕನ ಅನುಮಾನಕ್ಕೂ ಕಾರಣವಿದೆ. ಟಿಕೆಟ್ ಹಣದಲ್ಲಿ ದೊಡ್ಡ ಪಾಲು ಸ್ಟುಡಿಯೊಗೆ ಹೋಗುತ್ತದೆ. ಅವನ ಲಾಭವಿರುವುದು ಪಾಪ್‌ಕಾರ್ನ್‌ನಲ್ಲಿ. ಚಿತ್ರ ಉದ್ದವಾದಷ್ಟೂ ದಿನದ ಆಟಗಳು ಕಡಿಮೆ. 2024ರ ‘ದಿ ಬ್ರೂಟಲಿಸ್ಟ್’ನ ಅವಧಿ 15 ನಿಮಿಷದ ಮಧ್ಯಂತರವೂ ಸೇರಿ 215 ನಿಮಿಷ. (ಮಧ್ಯಂತರ ಅಲ್ಲಿ ಸುದ್ದಿಯಾಯಿತು, ನಮ್ಮವರಿಗೆ ಅದಿಲ್ಲದ ಸಿನಿಮಾವೇ ಸುದ್ದಿ.) ಇಂಥ ಚಿತ್ರಕ್ಕೆ ಪರದೆ ಕೊಟ್ಟು ಅವನು ಕಾಯಬೇಕಾದರೆ ಕಾಯುವುದಕ್ಕೆ ಫಲವಿರಬೇಕು. ಕಾದವರಿಗೆ ಫಲ ಸಿಕ್ಕಿದ್ದೂ ಉಂಟು. ‘ಪ್ಯಾರಸೈಟ್’ 2019ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮೂರೇ ಥಿಯೇಟರುಗಳಲ್ಲಿ ತೆರೆಕಂಡು, ನಿಧಾನವಾಗಿ ಹರಡಿ, ಆಸ್ಕರ್ ಗೆದ್ದು, ಅಲ್ಲೇ ಐದು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಸ್ಪೀಲ್‌ಬರ್ಗ್‌ರ ‘ದಿ ಫೇಬಲ್‌ಮನ್ಸ್’ 2022ರ ನವೆಂಬರ್ ಕೊನೆಗೆ ದೇಶದಾದ್ಯಂತ ಹೋಯಿತು. ಸುಮಾರು ಮೂರು ವಾರಕ್ಕೆ ಮನೆಯಲ್ಲೇ ಬಾಡಿಗೆಗೆ ಸಿಕ್ಕಿತು. ನಾಲ್ಕು ಕೋಟಿ ಡಾಲರಿನ ಆ ಚಿತ್ರ ಅಮೆರಿಕದಲ್ಲಿ ಎರಡು ಕೋಟಿಯನ್ನೂ ಮುಟ್ಟಲಿಲ್ಲ.

ಮೊದಲ ವಾರವೇ ಖಾಲಿಯಿದ್ದ ಕುರ್ಚಿಗಳಿಗೆ ಮೂರನೆಯ ವಾರದ ಬಾಡಿಗೆ ಹೇಗೆ ಹೊಣೆ ಎಂದು ಕೇಳಬಹುದು. ಒಂದು ಚಿತ್ರದ ಮಟ್ಟಿಗೆ ಈ ಆಕ್ಷೇಪ ಸರಿಯೇ. ಕೋವಿಡ್ ನಂತರ ಹಿರಿಯ ಪ್ರೇಕ್ಷಕರು ಮರಳಿರಲೂ ಇಲ್ಲ. ಆದರೆ ಅವಸರವಿಲ್ಲದ ಆ ಹಿರಿಯರೇ ಇಂಥ ಚಿತ್ರಗಳ ಆಧಾರ. ಮೂರು ವಾರ ತಡೆದರೆ ಸಿನಿಮಾ ಮನೆಗೇ ಬರುತ್ತದೆಂದು ಒಮ್ಮೆ ಗೊತ್ತಾದರೆ, ಮುಂದಿನ ಚಿತ್ರಕ್ಕೂ ಅವರು ತಡೆಯುತ್ತಾರೆ. ಮೊದಲ ಶುಕ್ರವಾರವೇ ನುಗ್ಗುವ ಸೂಪರ್‌ಹೀರೋ ಅಭಿಮಾನಿಗೆ ಈ ಪಾಠ ತಟ್ಟುವುದಿಲ್ಲ. ಹೊಡೆತವೆಲ್ಲ ಗಂಭೀರ ಚಿತ್ರಕ್ಕೇ.

ಕ್ರಿಸ್ಟೋಫರ್ ನೋಲನ್ ಇದನ್ನು ಅರಿತವರು. ತನ್ನ 2021ರ ಚಿತ್ರಗಳನ್ನೆಲ್ಲ ಥಿಯೇಟರಿನ ಜೊತೆಗೇ ಓಟಿಟಿಗೂ ಬಿಡಲು ಹೊರಟ ವಾರ್ನರ್ ಸಂಸ್ಥೆಯನ್ನು ಬಹಿರಂಗವಾಗಿ ಟೀಕಿಸಿ ಅವರು ಯೂನಿವರ್ಸಲ್‌ಗೆ ಹೋದರು. ಅಲ್ಲಿ ಕೇಳಿದ್ದು ನೂರು ದಿನಗಳ ಮೀಸಲು ಎಂದು ಆಗ ವರದಿಯಾಗಿತ್ತು. ಮೂರು ಗಂಟೆಯ, ಬಹುಪಾಲು ಮಾತುಕತೆಯೇ ಆದ ‘ಓಪನ್‌ಹೈಮರ್’ 2023ರ ಜುಲೈ 21ರಂದು ಬಿಡುಗಡೆಯಾಯಿತು, ಮನೆಗೆ ಬಂದದ್ದು ನವೆಂಬರ್ 21ಕ್ಕೆ. ಗಳಿಕೆ 95 ಕೋಟಿ ಡಾಲರ್ ದಾಟಿತು. ನೋಲನ್‌ರ ಹೆಸರಿಗೆ, ‘ಬಾರ್ಬಿ’ಯ ಜೊತೆಗಿನ ಪೈಪೋಟಿಗೆ ಜನ ಬಂದರು ಎನ್ನುವವರಿಗೆ ‘ಅನೋರಾ’ವನ್ನು ತೋರಿಸಬಹುದು. ಸುಮಾರು 60 ಲಕ್ಷ ಡಾಲರಿನಲ್ಲಿ ತಯಾರಾಗಿ, 2024ರಲ್ಲಿ ಅಮೆರಿಕದ ಆರು ಥಿಯೇಟರುಗಳಿಂದ ಶುರುವಾದ ಈ ಚಿತ್ರಕ್ಕೆ ದೊಡ್ಡ ತಾರೆಯರ ಬಲವಿರಲಿಲ್ಲ. ಮನೆಯ ಪರದೆಗೆ ಬರಲು ಅದು ಎರಡು ತಿಂಗಳು ಕಾಯಿತು. ಆಮೇಲೆ ಅತ್ಯುತ್ತಮ ಚಿತ್ರದ ಆಸ್ಕರ್ ಅದಕ್ಕೇ ಬಂತು.

2025ರ ಸಿನಿಮಾಕಾನ್‌ನಲ್ಲಿ ಅಮೆರಿಕದ ಥಿಯೇಟರ್ ಮಾಲೀಕರ ಸಂಘದ ಮುಖ್ಯಸ್ಥ ಮೈಕಲ್ ಒ’ಲಿಯರಿ ಸ್ಟುಡಿಯೊಗಳ ಮುಂದೆ ನೇರವಾಗಿ ಇಟ್ಟ ಬೇಡಿಕೆ, ಕನಿಷ್ಠ 45 ದಿನ. ಕೋವಿಡ್‌ಗೆ ಮುಂಚೆ ಅಲ್ಲಿ ರೂಢಿಯಲ್ಲಿದ್ದದ್ದು ಸುಮಾರು 90. ಶತದಿನೋತ್ಸವದ ಪೋಸ್ಟರ್ ನೋಡಿ ಬೆಳೆದ ಕನ್ನಡಿಗರ ಲೆಕ್ಕದಲ್ಲಿ 45 ಎಂದರೆ ಅರ್ಧ ದಾರಿಯೂ ಆಗಲಿಲ್ಲ.