ಹೆಸರೊಂದು, ಕಾಯಿ ಮೂರು

ಊಟವಾದೊಡನೆ ಹೊಟ್ಟೆಯುಬ್ಬರ, ನುಲಿತ. ಒಂದು ದಿನ ಮಲಬದ್ಧತೆ, ಮರುದಿನ ಭೇದಿ. ಇಂಥವರಿಗೆಂದು ಆಸ್ಟ್ರೇಲಿಯದ ಮೊನಾಷ್ ವಿಶ್ವವಿದ್ಯಾಲಯದವರು ರೂಪಿಸಿದ ‘ಫಾಡ್‌ಮ್ಯಾಪ್’ ಪಥ್ಯದ ಪಟ್ಟಿ ಈಗ ಡೊಂಬಿವಲಿ, ಕಲ್ಯಾಣದ ನಮ್ಮ ಮನೆಗಳಿಗೂ ಬಂದಿದೆ. ಕೆಲವು ಬಗೆಯ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗಿಳಿದು, ಅಲ್ಲಿ ಹುದುಗೆದ್ದು ವಾಯು ಹುಟ್ಟಿಸುತ್ತವೆ. ಆದುದರಿಂದ ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಗೋಡಂಬಿ, ಪಿಸ್ತಾಗಳಿಗೆ ಕೆಲವು ವಾರ ತಡೆ. ಇಷ್ಟನ್ನೆಲ್ಲ ಕಸಿದುಕೊಂಡ ಪಟ್ಟಿ, ‘ಚೆಸ್ಟ್‌ನಟ್ ಮಿತವಾಗಿ ತಿನ್ನಬಹುದು’ ಎಂದಾಗ ಗೃಹಿಣಿಗೆ ಎಷ್ಟೋ ಸಮಾಧಾನ. ಆದರೆ ಅದು ಯಾವ ಕಾಯಿ?

ಪಟ್ಟಿಯ ಚೆಸ್ಟ್‌ನಟ್ ಎಂದರೆ ಮರದಲ್ಲಿ, ಮುಳ್ಳುಚಿಪ್ಪಿನೊಳಗೆ ಬೆಳೆಯುವ ಕಂದು ಬೀಜ. ಬಾದಾಮಿಯಲ್ಲಿ ಸುಮಾರು ಅರ್ಧ ಪಾಲು ಎಣ್ಣೆ. ಇದರಲ್ಲಿ 100ಕ್ಕೆ 2 ಪಾಲಿನಷ್ಟು ಮಾತ್ರ. ಅರ್ಧದಷ್ಟು ನೀರು, ಉಳಿದುದು ಬಹುಮಟ್ಟಿಗೆ ಪಿಷ್ಟ. ಅದಕ್ಕೇ ಇದನ್ನು ಬೇಯಿಸಿ ಅಥವಾ ಸುಟ್ಟು ತಿನ್ನುತ್ತಾರೆ.

ಠಾಣೆಯ ಪೇಟೆಯಲ್ಲಿ ‘ವಾಟರ್ ಚೆಸ್ಟ್‌ನಟ್’ ಎಂದು ಕೇಳಿದರೆ ಸಿಗುವುದು ಶಿಂಗಾಡ. ಕೆರೆನೀರಿನಲ್ಲಿ ಬೆಳೆಯುವ ಕೊಂಬಿನ ಕಾಯಿ. ಚೀನೀ ಅಡಿಗೆಗೆ ಡಬ್ಬಿಯಲ್ಲಿ ಬರುವ, ಕಚ್ಚಿದರೆ ಗರಿಗರಿಯೆನ್ನುವ ಬಿಳಿ ವಾಟರ್ ಚೆಸ್ಟ್‌ನಟ್ ಮತ್ತೊಂದು ಗಿಡದ ಗೆಡ್ಡೆ. ಮೂರಕ್ಕೂ ಪರಸ್ಪರ ನಂಟಿಲ್ಲ. ಒಂದಕ್ಕೆ ಹೇಳಿದ ಅಳತೆಯನ್ನು ಇನ್ನೊಂದಕ್ಕೆ ಹಾಕುವುದು ತಪ್ಪು. ರುಚಿ ಹೋಲುತ್ತದೆಂದು ಹಲಸಿನ ಬೀಜವನ್ನು ಅದರ ಸ್ಥಾನದಲ್ಲಿ ಕೂರಿಸುವುದೂ ಅಷ್ಟೇ. ಅದು ವಾಯು ಮಾಡುವುದನ್ನು ನಮ್ಮ ಹಿರಿಯರು ಬಲ್ಲರು.

ಹಾಗೆಂದು ಶಿಂಗಾಡವನ್ನು ದೂರ ಮಾಡಬೇಕಾಗಿಲ್ಲ. ಹಸಿಕಾಯಿಯನ್ನು ಹಲ್ಲಿನಿಂದ ಸುಲಿಯಬಾರದು. ಸಿಪ್ಪೆಗೆ ಅಂಟಿದ ಕರುಳಿನ ಹುಳುವಿನ ಮರಿಗಳು ಹೊಟ್ಟೆ ಸೇರಬಹುದು. ತೊಳೆದು, ಚೆನ್ನಾಗಿ ಬೇಯಿಸಿ ಸುಲಿಯೋಣ. ಏಕಾದಶಿಗೆ ಶಿಂಗಾಡದ ಹಿಟ್ಟಿನ ಪೂರಿ ತಿಂದು ಸಂಕಟವಾದರೆ ಹಿಟ್ಟನ್ನೇ ದೂರುವ ಮೊದಲು ಕರಿದ ಎಣ್ಣೆಯನ್ನೂ ನೆನೆಯೋಣ. ಅದೇ ಹಿಟ್ಟಿನ ತೆಳ್ಳನೆಯ ಗಂಜಿ ಹಗುರ.

ಹೊಸದೇನನ್ನೇ ಆಗಲಿ, ಒಂದು ದಿನಕ್ಕೆ ಒಂದನ್ನೇ, ಎರಡು ಮೂರು ಬೀಜದಷ್ಟು ತಿಂದು ನೋಡುವುದು ಲೇಸು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಪಥ್ಯವನ್ನು ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಇನ್ನೊಂದು ಮಾತು: ಈ ಪಟ್ಟಿ ಜೀವಮಾನದ ವ್ರತವಲ್ಲ. 2ರಿಂದ 6 ವಾರ ಕಳೆದ ಮೇಲೆ, ಬಿಟ್ಟದ್ದನ್ನು ಒಂದೊಂದಾಗಿ ಮತ್ತೆ ತಿಂದು ಪರೀಕ್ಷಿಸಬೇಕು. ವರ್ಷಗಟ್ಟಲೆ ಅನ್ನ ಮೊಸರಲ್ಲೇ ಸೊರಗುತ್ತಿರುವ ಹಿರಿಯರು ನಮ್ಮ ಮನೆಗಳಲ್ಲಿದ್ದರೆ, ಈ ಮಾತನ್ನು ಅವರಿಗೆ ಇಂದೇ ಓದಿ ಹೇಳೋಣ.