ಟೆಂಡರಿನ ಕೊನೆಯ ಹತ್ತು ನಿಮಿಷ ಮತ್ತು ವೈ-ಫೈ

ಅಡಿಕೆ ಇ-ಟೆಂಡರಿನ ದಿನ ಸಂಘದ ಕಚೇರಿಯ ವೈ-ಫೈ ಬೆಳಗಿನಿಂದ ಸರಿಯಾಗಿದ್ದು, ಧಾರಣೆ ನಮೂದಿಸುವ ಕೊನೆಯ ಹತ್ತು ನಿಮಿಷದಲ್ಲಿ ಮಾತ್ರ ನಿಂತಂತಾಗುತ್ತದೆ ಎಂದು ಹಲವು ಸದಸ್ಯರು ದೂರಿದ್ದಾರೆ. ಹೆಚ್ಚು ವೇಗದ ಸಂಪರ್ಕ ಪಡೆಯಬೇಕೆಂಬ ಸಲಹೆಯೂ ಬಂದಿದೆ. ಹಣ ವ್ಯಯಿಸುವ ಮೊದಲು ತೊಂದರೆ ಎಲ್ಲಿದೆ ಎಂಬುದನ್ನು ತಿಳಿಯುವುದು ಲೇಸೆಂದು ನಾವು ಭಾವಿಸುತ್ತೇವೆ.

ಕಚೇರಿಯ ಕಂಪ್ಯೂಟರು, ಸದಸ್ಯರ ಫೋನು, ಎಲ್ಲಕ್ಕೂ ಇರುವುದು ಒಂದೇ ರೇಡಿಯೋ ಚಾನೆಲ್. ಇದು ಹಳ್ಳದ ಮೇಲಿನ ಕಿರುಸೇತುವೆಯಂತೆ. ಎದುರುಬದುರಾಗಿ ಎರಡು ಜೀಪು ನುಗ್ಗಿದರೆ ಎರಡೂ ಹಿಂದೆ ಸರಿಯಬೇಕು. ದಿನಕ್ಕೆ ನೂರು ಜೀಪು ಎಂಬ ಸರಾಸರಿಯಿಂದ ಏನೂ ತಿಳಿಯದು. ಬಿಡಿಬಿಡಿಯಾಗಿ ಬಂದರೆ ನೂರೂ ಸಲೀಸಾಗಿ ದಾಟುತ್ತವೆ, ಮೂವತ್ತು ಒಮ್ಮೆಗೇ ಬಂದರೆ ದಾರಿ ಕಟ್ಟುತ್ತದೆ.

ಈ ವಿಷಯದಲ್ಲಿ ಮೊದಲು ಕೆಲಸ ಮಾಡಿದವರು, ನಮ್ಮಂತೆಯೇ ಕಾಫಿ ಬೆಳೆಯುವ ಹವಾಯಿ ದ್ವೀಪಗಳವರು. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ಕಂಪ್ಯೂಟರುಗಳನ್ನು ರೇಡಿಯೋ ಮೂಲಕ ಜೋಡಿಸಿದರು. ಬೇಕಾದಾಗ ಕಳುಹಿಸುವುದು, ಡಿಕ್ಕಿಯಾದರೆ ಪುನಃ ಕಳುಹಿಸುವುದು, ಇಷ್ಟೇ ಅವರ ಕ್ರಮ. ಇದರಲ್ಲಿ ಚಾನೆಲ್ಲಿನ ಸಾಮರ್ಥ್ಯದ ಶೇಕಡಾ 18ಕ್ಕಿಂತ ಹೆಚ್ಚು ಬಳಕೆಗೆ ಸಿಗದೆಂದು ಗಣಿತ ತೋರಿಸಿತು.

ಇಂದಿನ ವೈ-ಫೈ ಇದಕ್ಕಿಂತ ಜಾಣ. ಮೊದಲು ಕಿವಿಗೊಟ್ಟು ಕೇಳುತ್ತದೆ. ಚಾನೆಲ್ ಬಿಡುವಾದ ಮೇಲೂ ಸಾಮಾನ್ಯವಾಗಿ 0ಯಿಂದ 15ರೊಳಗಿನ ಯಾವುದೋ ಒಂದು ಅಂಕಿಯನ್ನು ಎತ್ತಿ ಅಷ್ಟು ಗಳಿಗೆ ಕಾಯುತ್ತದೆ. ಇಬ್ಬರಿಗೆ ಒಂದೇ ಅಂಕಿ ಬಂದರೆ ಎರಡೂ ಸಂದೇಶ ಕೆಡುತ್ತವೆ. ಆಗ ಮಿತಿ 31ಕ್ಕೆ, ಮತ್ತೆ 63ಕ್ಕೆ, ಹೀಗೆ 1023ರವರೆಗೆ ಏರುತ್ತದೆ. ನಾಲ್ಕಾರು ಫೋನಿದ್ದಾಗ ಇದು ಸೊಗಸಾಗಿ ನಡೆಯುತ್ತದೆ. ನಲವತ್ತು ಮಂದಿ ಒಟ್ಟಿಗೆ ಗುಂಡಿ ಒತ್ತಿದಾಗ ಡಿಕ್ಕಿಯಾದವು ಮರಳಿ ಬಂದು ಹೊಸಬರೊಡನೆ ಸೇರುತ್ತವೆ. ವೈ-ಫೈ ಪೆಟ್ಟಿಗೆಯಲ್ಲೂ ಸಾಲು ತುಂಬಿ, ಮಿಕ್ಕಿದ್ದು ಬಿದ್ದುಹೋಗುತ್ತದೆ. ವ್ಯಾಪಾರಿ ಏರಿಸಿದ ಧಾರಣೆ ಸಮಯಕ್ಕೆ ಮುಟ್ಟದಿದ್ದರೆ ನಷ್ಟ ಬೆಳೆಗಾರನಿಗೆ.

ಇನ್ನೊಂದುಂಟು. ಗೋದಾಮಿನ ಮೂಲೆಯಲ್ಲಿ ನಿಂತವರ ಫೋನಿಗೆ ಸಿಗ್ನಲ್ ಕ್ಷೀಣವಾದ್ದರಿಂದ ಅದು ನಿಧಾನವಾಗಿ ಕಳುಹಿಸುತ್ತದೆ. 1500 ಬೈಟಿನ ಒಂದು ತುಣುಕಿಗೆ ಸೆಕೆಂಡಿಗೆ 54 ಮೆಗಾಬಿಟ್ ವೇಗದಲ್ಲಿ ಕಾಲು ಮಿಲಿಸೆಕೆಂಡೂ ಬೇಡ. 1 ಮೆಗಾಬಿಟ್ ವೇಗದಲ್ಲಿ 12 ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತು ಉಳಿದವರೆಲ್ಲ ಕಾಯಬೇಕು.

ಆದುದರಿಂದ ಹೊರಗಿನಿಂದ ಬರುವ ಸಂಪರ್ಕ ಎಷ್ಟೇ ವೇಗದ್ದಾದರೂ ಕಟ್ಟಡದೊಳಗಿನ ಈ ಇಕ್ಕಟ್ಟು ಬಿಡದು. ಟೆಂಡರ್ ಮತ್ತು ತೂಕದ ಕಂಪ್ಯೂಟರುಗಳಿಗೆ ತಂತಿ ಎಳೆಸುವುದೆಂದು ಆಡಳಿತ ಮಂಡಳಿಗೆ ಸೂಚಿಸಿದ್ದೇವೆ. ಟೆಂಡರ್ ವೇಳೆ ವೀಡಿಯೋ ನೋಡುವುದನ್ನೂ ಫೋಟೋ ತಾನಾಗಿ ರವಾನೆಯಾಗುವ ಏರ್ಪಾಡನ್ನೂ ಸದಸ್ಯರು ನಿಲ್ಲಿಸಿಡಬೇಕಾಗಿ ಕೋರಿಕೆ. ಗೋದಾಮಿನಲ್ಲಿ ಇಲಿಗಳ ಕಾಟವಿರುವುದರಿಂದ ತಂತಿಯನ್ನು ಪೈಪಿನೊಳಗೇ ಹಾಯಿಸಬೇಕು.