ಬೂದಿಯಲ್ಲಿ ಹುಡುಕಿದ್ದು, ಹಟ್ಟಿಯಲ್ಲಿ ಸಿಕ್ಕಿದ್ದು

ಸಿಂಧನೂರಿನಿಂದ ಲಿಂಗಸುಗೂರಿನತ್ತ ಹೊರಟರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಹಿಂದೆ ಸರಿದು ಮಸ್ಕಿಯ ಗುಡ್ಡ ಕಣ್ಣಿಗೆ ಬೀಳುತ್ತದೆ. ಈ ಸೀಮೆಯಲ್ಲಿ ಎಂದಾದರೂ ಜ್ವಾಲಾಮುಖಿ ಇತ್ತೇ ಎಂದು ಕೇಳಿದರೆ ಯಾರಾದರೂ ಮೊದಲು ತೋರಿಸುವುದು ಆ ಗುಡ್ಡವನ್ನೇ. ಆದರೆ ಅದು ಗ್ರಾನೈಟ್. ಕರಗಿದ ಶಿಲೆ ಹೊರಗೆ ಉಕ್ಕದೆ ನೆಲದೊಳಗೇ ತಣ್ಣಗಾದದ್ದು.

ಎರಡನೆಯ ಅನುಮಾನ ಬೂದಿದಿಬ್ಬಗಳ ಮೇಲೆ. ರಾಯಚೂರು, ಬಳ್ಳಾರಿ ಸೀಮೆಯ ಈ ದಿಬ್ಬಗಳಲ್ಲಿ ಬೂದಿಯ ಜೊತೆಗೆ ಕರಗಿ ಗಟ್ಟಿಯಾದ ಕಿಟ್ಟವೂ ಸಿಗುತ್ತದೆ. ಜನ ಅದನ್ನು ರಕ್ಕಸರನ್ನು ಸುಟ್ಟ ಬೂದಿ ಎಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ಜ್ವಾಲಾಮುಖಿಯದೆಂದು ಊಹಿಸಿದವರೂ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ದನದ ಸಗಣಿ ಸುಟ್ಟದ್ದು ಎಂದರು. 1957ರಲ್ಲಿ ಕೃಷ್ಣೆಯ ಆಚೆ ಉಟ್ನೂರಿನಲ್ಲಿ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ಅಗೆದಾಗ ಕಂಬದ ಗುಣಿಗಳೂ ದನದ ಗೊರಸಿನ ಗುರುತುಗಳೂ ಸಿಕ್ಕವು. ನವಶಿಲಾಯುಗದ ದನಗಾಹಿಗಳ ದೊಡ್ಡಿ ಅದು! ರಕ್ಕಸರ ಕಥೆಗಿಂತ ನನಗೆ ಇದೇ ಹೆಚ್ಚು ರೋಚಕ.

ನಿಜವಾದ ಲಾವಾ ಇರುವುದು ಯಾರೂ ಅನುಮಾನಿಸದ ತಗ್ಗು ದಿಬ್ಬಗಳಲ್ಲಿ, ಹೊಲಗಳ ಅಡಿಯಲ್ಲಿ. ಹಟ್ಟಿ ಎಂಬ ಊರಿನಿಂದ ಮಸ್ಕಿಯವರೆಗೆ ಕೊಕ್ಕೆಯಂತೆ ಬಾಗಿದ ಕಪ್ಪು-ಹಸಿರು ಕಲ್ಲಿನ ಪಟ್ಟಿಯೊಂದಿದೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿದೊಡನೆ ಹೊರಮೈ ಗಟ್ಟಿಯಾಗಿ ದಿಂಬುಗಳಂತೆ ಒಂದರ ಮೇಲೊಂದು ಬಿತ್ತು. ಆಮೇಲೆ ಒತ್ತಡ, ಶಾಖಕ್ಕೆ ಸಿಕ್ಕಿ ಮಡಚಿತು, ರೂಪ ಬದಲಿಸಿತು. ಬಿರುಕುಗಳಲ್ಲಿ ನೆಲದಾಳದ ಬಿಸಿನೀರು ಹರಿದು ಬಿಳಿಕಲ್ಲಿನ ಎಳೆಗಳ ಜೊತೆ ಚಿನ್ನವನ್ನು ಬಿಟ್ಟುಹೋಯಿತು. ಲಾವಾ ಚಿನ್ನವನ್ನು ಉಗುಳಲಿಲ್ಲ, ಅದಕ್ಕೆ ಮನೆಯಾಯಿತು.

ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಜನ ಆ ಎಳೆಗಳನ್ನು ಹಿಂಬಾಲಿಸಿ ಕೆಳಗಿಳಿದರು. ಬಂಡೆಗೆ ಬೆಂಕಿ ಹಚ್ಚಿ, ಕಾದಾಗ ನೀರು ಸುರಿದು ಸೀಳುತ್ತ ಹಟ್ಟಿಯಲ್ಲಿ ಅವರು ಮುಟ್ಟಿದ ಆಳ 600 ಅಡಿ ದಾಟಿತ್ತು. ಡೈನಮೈಟ್ ಇಲ್ಲ, ಪಂಪು ಇಲ್ಲ. ಜ್ವಾಲಾಮುಖಿ ಏರುವವರ ಸಾಹಸವನ್ನು ಹೊಗಳುವವರು ಈ ಇಳಿದವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅದೇ ಚಿನ್ನದ ಬೆನ್ನು ಹತ್ತಿ 1915ರಲ್ಲಿ ಮಸ್ಕಿಗೆ ಬಂದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಬರಹ. ‘ದೇವಾನಾಂಪ್ರಿಯ’ನೆಂಬ ಅರಸ ಅಶೋಕನೇ ಎಂದು ಖಚಿತವಾದದ್ದು ಆ ಶಾಸನದಲ್ಲಿದ್ದ ಹೆಸರಿನಿಂದ.

ಇಂಥದೇ ದಿಂಬುಲಾವಾ ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ; ಇಲ್ಲಿನದೂ ನೋಡತಕ್ಕದ್ದೇ. ಮಸ್ಕಿಗೆ ಶಾಸನ ತೋರಿಸಲು ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ಒಂದರ್ಧ ಗಂಟೆ ಹೆಚ್ಚು ನಿಂತು, ಪಕ್ಕದ ದಿಬ್ಬದ ಕಪ್ಪುಕಲ್ಲನ್ನೂ ಅವರ ಕೈಗೆ ಕೊಡಲಿ.